ಹಳೆಯ ಕಾರಿನ ಎಸಿಗೆ ವರ್ಷವರ್ಷವೂ ಗ್ಯಾಸ್ ತುಂಬಿಸಬೇಕೇ?

ಪ್ರಶ್ನೆ: ನನ್ನ 2004ರ ಕಾರಿನ ಎಸಿಗೆ ಎರಡು ಬೇಸಿಗೆ ಗ್ಯಾಸ್ ತುಂಬಿಸಿದರೂ ಎರಡೇ ತಿಂಗಳಲ್ಲಿ ತಂಪು ಹೋಯಿತು. ಈ ವರ್ಷವೂ ತುಂಬಿಸಲೇ?
– ಓದುಗರೊಬ್ಬರು, ಗದಗ

ಉತ್ತರ: ಈಗಲೇ ಬೇಡ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಎರಡೇ ತಿಂಗಳಲ್ಲಿ ತಂಪು ಹೋಯಿತೆಂದರೆ ಬಹುಮಟ್ಟಿಗೆ ಎಲ್ಲಿಯೋ ಸೋರಿಕೆಯಿದೆ. ಬಾನೆಟ್ ತೆರೆದು ಪೈಪಿನ ಜೋಡಣೆಗಳನ್ನು ನೋಡಿರಿ: ಗ್ಯಾಸಿನೊಂದಿಗೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ, ಸೋರುವಲ್ಲಿ ಎರೆಮಣ್ಣಿನ ಧೂಳು ಅಂಟಿ ಕಪ್ಪು ಜಿಡ್ಡು ಕಟ್ಟಿರುತ್ತದೆ. ಅನೇಕ ವೇಳೆ ಒಣಗಿ ಬಿರಿತ ರಬ್ಬರ್ ರಿಂಗ್ ಬದಲಿಸಿದರೆ ಸಾಕಾಗುತ್ತದೆ.

ಮೆಕ್ಯಾನಿಕ್ ಮೊದಲು ನೈಟ್ರೋಜನ್ ಒತ್ತಡದಿಂದ ಸೋರಿಕೆ ಪರೀಕ್ಷಿಸಿ, ದುರಸ್ತಿಯ ನಂತರ ಸುಮಾರು ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ನಡೆಸಿ ಒಳಗಿನ ಗಾಳಿ ಮತ್ತು ತೇವವನ್ನು ತೆಗೆಯಬೇಕು. ಈ ಕೆಲಸ ಬಿಟ್ಟು ನೇರವಾಗಿ ತುಂಬುವವರಲ್ಲಿಗೆ, ಅಗ್ಗವಾದರೂ, ಹೋಗಬೇಡಿರಿ. ಅಷ್ಟು ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಆರ್-134ಎ ಗ್ಯಾಸ್ ಇರುತ್ತದೆ. ಬಾನೆಟ್ ಅಡಿಯ ಚೀಟಿಯಲ್ಲಿ ಅದರ ಹೆಸರೂ ಗ್ರಾಂ ಲೆಕ್ಕವೂ ಇದ್ದರೆ, ಅಷ್ಟನ್ನೇ ತೂಗಿ ತುಂಬಿಸಿರಿ. ಹೆಚ್ಚು ತುಂಬಿದರೆ ತಂಪು ಹೆಚ್ಚುವುದಿಲ್ಲ, ಒತ್ತಡ ಏರಿ ಕಂಪ್ರೆಸರ್ ಕೆಡುತ್ತದೆ.