ಇಎಸ್‌ಐ ಇದ್ದರೆ ತರಬೇತಿ ಯಾಕೆ ಅಂದವರಿಗೆ

ಸರ್, ಮಾಲೂರಿನಲ್ಲಿ ತಗಡು ಒತ್ತಿ ಪೀಸ್ ಮಾಡುವ 14 ಜನರ ಪ್ರೆಸ್ ಶಾಪ್, ವರ್ಷಕ್ಕೊಮ್ಮೆ ಎರಡು ಗಂಟೆ ಸುರಕ್ಷತೆಯ ವಿಡಿಯೋ ತೋರಿಸಿದರೂ ಬೆರಳಿಗೆ ಪೆಟ್ಟು ತಪ್ಪುತ್ತಿಲ್ಲ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವಾಗ ತರಬೇತಿಗೆ ಇನ್ನೂ ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ.

ಇಎಸ್‌ಐ ಕೆಲಸಗಾರನ ಚಿಕಿತ್ಸೆ ನೋಡಿಕೊಳ್ಳುತ್ತದೆ. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿದ್ದರೆ ಕೂಲಿಯ 90% ಕೊಡುತ್ತದೆ. ನಿಮ್ಮ ನಷ್ಟ ಕೊಡಲ್ಲ. ಮಷಿನ್ ನಿಂತ ಹೊತ್ತು, ಹಾಳಾದ ಡೈ (ಪೀಸಿಗೆ ಆಕಾರ ಕೊಡುವ ಅಚ್ಚು), ಆಸ್ಪತ್ರೆಗೆ ಓಡಿದ ಸೂಪರ್‌ವೈಸರ್, ತಡವಾದ ಲೋಡು, ಬದಲಿಗೆ ಬಂದ ಹೊಸಬನ ರಿಜೆಕ್ಷನ್ ಎಲ್ಲಾ ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಬೆರಳು ಹೋದವನ ಲೆಕ್ಕ ಬೇರೆ, ಅದು ಯಾವ ಹಾಳೆಗೂ ಸಿಗಲ್ಲ.

ವಿಡಿಯೋ ಸುಮ್ನೆ ಸಹಿ ಹಾಕಿಸಿಕೊಳ್ಳೋಕೆ ಅಷ್ಟೇ. ವಾರಕ್ಕೊಮ್ಮೆ ಹತ್ತು ನಿಮಿಷ ಮಷಿನ್ ಪಕ್ಕದಲ್ಲೇ ನಿಲ್ಲಿಸಿ ಹೇಳಿ. ನಮ್ಮ ಕಡೆ ತೆಲುಗು ಜಾಸ್ತಿ, ಹಿಂದಿ ಹುಡುಗರೂ ಇರುತ್ತಾರೆ, ಅವರವರ ಭಾಷೆಯಲ್ಲೇ ಹೇಳಿಸಿ. ಡೈ ಸೆಟ್ ಮಾಡುವಾಗ ಮೇನ್ ಆಫ್ ಮಾಡಿ ಬೀಗ ಹಾಕೋದು, ಪ್ರೆಸ್‌ನ ಮೇಲಿನ ಭಾಗ ಕೆಳಗೆ ಬೀಳದಂತೆ ಸೇಫ್ಟಿ ಬ್ಲಾಕ್ ಇಡೋದು, ಸಿಕ್ಕಿಕೊಂಡ ಪೀಸನ್ನು ಇಕ್ಕಳದಲ್ಲಿ ತೆಗೆಯೋದು. ನೀವು ಮಾಡಿ ತೋರಿಸಿದರೆ ಸಾಲದು, ಅವನು ಮಾಡಿ ತೋರಿಸಬೇಕು. ಹೊಸಬನನ್ನು ಮೊದಲ ವಾರ ಒಬ್ಬನೇ ಬಿಡಬೇಡಿ.

ಇನ್ನೊಂದು ಮಾತು. ನಾನು ಮೊದಲಿದ್ದ ಶಾಪಿನ ಹಳೇ ಪ್ರೆಸ್‌ನಲ್ಲಿ, ಎರಡೂ ಕೈಯಲ್ಲಿ ಒತ್ತಬೇಕಾದ ಬಟನ್‌ಗಳಲ್ಲಿ ಒಂದು ಒತ್ತಿಕೊಂಡೇ ಇರುವಂತೆ ವೈರ್ ಬಿಗಿದು ಒಂದೇ ಕೈಯಲ್ಲಿ ಓಡಿಸುತ್ತಿದ್ದರು. ತರಬೇತಿ ಎಲ್ಲರಿಗೂ ಆಗಿತ್ತು! ಟಾರ್ಗೆಟ್ ಏರಿಸಿದ್ದೇ ಕಾರಣ. ಅಲ್ಲಿ ಭಾಷಣ ಏನು ಮಾಡುತ್ತೆ, ಅಲ್ವಾ? ಪ್ರೆಸ್ ಕೆಳಗಿಳಿಯುವ ಪ್ರತಿ ಸ್ಟ್ರೋಕ್‌ಗೂ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಲೇಬೇಕಾದ ಕಂಟ್ರೋಲ್ ಸಿಗುತ್ತದೆ. ಮೊದಲು ಅದನ್ನು ಹಾಕಿಸಿ, ಟಾರ್ಗೆಟ್ ಒಮ್ಮೆ ನೋಡಿ, ಆಮೇಲೆ ಕಲಿಸಿ.