ತಪಾಸಣೆಯ ಸಾಲಿನಿಂದ ಶುರು ಮಾಡಿ

ನಮಸ್ಕಾರ.

ಪಶ್ಚಿಮದ ಎಡಪಂಥ ವರ್ಗವನ್ನೇ ಮರೆತಿದೆ ಎನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕೋದಕ್ಕೆ ಆಗುವುದಿಲ್ಲ. ಬ್ರಿಟನ್ನಿನ ಲೇಬರ್ ಪಕ್ಷ ದುಡಿಯುವವರ ಕೈಬಿಟ್ಟು ನಗರದ ಓದಿದವರ ಪಕ್ಷವಾಯಿತು ಅಂತೀರಿ. ಒಪ್ಪುತ್ತೇನೆ. ಆದರೆ ಹನ್ನೆರಡು ಪುಟದಲ್ಲಿ ‘ಕಾರ್ಮಿಕ ವರ್ಗ’ ಎಣಿಸಿ ಸುಸ್ತಾಗುವಷ್ಟು ಸಲ ಬಂದಿದೆ, ಒಬ್ಬ ಕಾರ್ಮಿಕನೂ ಬಂದಿಲ್ಲ. ಲೇಬರ್ ಮೇಲೆ ನೀವು ಹೊರಿಸಿದ ದೂರು ನಿಮ್ಮ ಲೇಖನಕ್ಕೂ ತಗಲುತ್ತದೆ, ಅಲ್ವಾ?

2019ರ ಚುನಾವಣೆಯಲ್ಲಿ ಲೇಬರ್‌ಗೆ ಬೋಲ್ಸೋವರ್ ಕ್ಷೇತ್ರ ಕೈತಪ್ಪಿತು ಎಂದು ಒಂದೇ ಸಾಲು ಬರೆದು ಓಡಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. 1970ರಿಂದ ಅಲ್ಲಿ ಗೆಲ್ಲುತ್ತಾ ಬಂದ ಡೆನ್ನಿಸ್ ಸ್ಕಿನ್ನರ್ ಗಣಿಯಲ್ಲಿ ದುಡಿದವರು. ಅದೇ ಕ್ಷೇತ್ರದ ಶೈರ್‌ಬ್ರುಕ್ ಕಲ್ಲಿದ್ದಲು ಗಣಿ 1993ರಲ್ಲಿ ಮುಚ್ಚಿತು. ಆಮೇಲೆ ಆ ಜಾಗದಲ್ಲಿ ಕ್ರೀಡಾ ಸಾಮಗ್ರಿ ಮಾರುವ ಕಂಪನಿಯ ದೊಡ್ಡ ಗೋದಾಮು ಎದ್ದಿತು. 2016ರಲ್ಲಿ ಸಂಸತ್ತಿನ ಸಮಿತಿ ಅಲ್ಲಿನ ಸ್ಥಿತಿಯನ್ನು ವಿಚಾರಿಸಿತು. ಶಿಫ್ಟ್ ಮುಗಿದ ಮೇಲೆ ಮೈ ತಪಾಸಣೆಗೆ ಸಾಲಲ್ಲಿ ಕಾಯಬೇಕಿತ್ತು, ಆ ಹೊತ್ತಿಗೆ ಕೂಲಿ ಇಲ್ಲ. ಹುಷಾರಿಲ್ಲ ಅಂದರೆ ಒಂದು ‘ಸ್ಟ್ರೈಕ್’ (ತಪ್ಪಿನ ಗೀಟು), ಶೌಚಾಲಯದಲ್ಲಿ ಜಾಸ್ತಿ ಹೊತ್ತಾದರೆ ಇನ್ನೊಂದು. ಆರು ತಿಂಗಳಲ್ಲಿ ಆರು ಆದರೆ ಕೆಲಸ ಹೋಯಿತು. 1984–85ರಲ್ಲಿ ಗಣಿ ಕಾರ್ಮಿಕರು ವರ್ಷ ಪೂರ್ತಿ ಹೂಡಿದ್ದೂ ಸ್ಟ್ರೈಕೇ, ಅಂದರೆ ಮುಷ್ಕರ. ಅದೇ ಪದ ಆ ಗೋದಾಮಿನಲ್ಲಿ ಧಣಿ ಹಾಕುವ ಗೀಟಾಗಿತ್ತು. ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಅನ್ನೋದೇ ನನ್ನ ಬೇಜಾರು.

ಆ ಗೋದಾಮಿನಲ್ಲಿ ಏಜೆನ್ಸಿ ಮೂಲಕ ಸೇರಿದ ಬಹಳ ಜನ ಪೂರ್ವ ಯುರೋಪಿನವರು. ವಲಸಿಗರ ಮಾತನ್ನೆಲ್ಲ ನೀವು ಸುಮ್ನೆ ‘ಐಡೆಂಟಿಟಿ ರಾಜಕಾರಣ’ದ (ವರ್ಗ ಬಿಟ್ಟು ಜನಾಂಗ, ಧರ್ಮದಂಥ ಗುರುತು ಹಿಡಿದು ಮಾಡುವ ರಾಜಕಾರಣದ) ಖಾತೆಗೆ ಬರೆದಿದ್ದೀರಿ. ಮಾರ್ಕ್ಸ್ ಹಾಗೆ ಮಾಡಲಿಲ್ಲ. ಇಂಗ್ಲಿಷ್ ಕಾರ್ಮಿಕ ಐರಿಷ್ ಕಾರ್ಮಿಕನನ್ನು ಕಂಡರೆ ಉರಿದುಬೀಳುತ್ತಾನೆ, ಅಲ್ಲಿನ ಕಾರ್ಮಿಕ ವರ್ಗದ ಕೈಲಾಗದತನದ ಗುಟ್ಟು ಅದೇ ಎಂದು 1870ರ ಒಂದು ಪತ್ರದಲ್ಲಿ ಬರೆದ. ಮಾರ್ಕ್ಸ್‌ವಾದಿ ವಿಮರ್ಶೆ ಎಂದು ಹೆಸರಿಟ್ಟ ಮೇಲೆ ಇದನ್ನು ದಾಟಿಹೋಗುವ ಹಾಗಿಲ್ಲ.

ಒಂದು ತಪ್ಪು ತಿದ್ದಿಕೊಳ್ಳಿ. ಲೇಬರ್ ನಾಯಕ ಟೋನಿ ಬ್ಲೇರ್ 1995ರಲ್ಲಿ ಪಕ್ಷದ ಸಂವಿಧಾನದ ನಾಲ್ಕನೇ ಕಲಮನ್ನು ಕಿತ್ತುಹಾಕಲಿಲ್ಲ, ಬೇರೆ ಬರೆಸಿದರು. ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನ ಎಂಬ ಗುರಿ ಹೋಯಿತು, ನಾವು ‘ಡೆಮಾಕ್ರಟಿಕ್ ಸೋಷಿಯಲಿಸ್ಟ್’ ಪಕ್ಷ ಅನ್ನೋ ಮಾತು ಬಂತು. ಇದು ನಿಮ್ಮ ವಾದಕ್ಕೇ ಒಳ್ಳೆಯದು.

ಮೊದಲ ನಾಲ್ಕು ಪುಟದ ಸಿದ್ಧಾಂತ ತೆಗೆದುಬಿಡಿ. ಆ ತಪಾಸಣೆಯ ಸಾಲಿನಿಂದ ಶುರು ಮಾಡಿ, ತಿಂಗಳೊಳಗೆ ಕಳಿಸಿ. ಮತ್ತೆ ಓದುತ್ತೇನೆ.