ಕಾರ್ಡನ್ನು ತಿರುಗಿಸಿ ನೋಡಿದ್ದೀರಾ?

ನಮಸ್ಕಾರ.

ನೀವು ಕಳಿಸಿದ 'ಚಿತ್ರ ಕಾರ್ಡುಗಳಲ್ಲಿ ಹಳೆಯ ಬೆಂಗಳೂರು' ಲೇಖನವನ್ನು ಎರಡು ಸಲ ಓದಿದೆ. ಜೊತೆಗಿದ್ದ ಹನ್ನೆರಡು ಹಳೆಯ ಅಂಚೆ ಕಾರ್ಡುಗಳ ಫೋಟೋಗಳನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ತೊಂದರೆ ಇರುವುದು ಇಲ್ಲೇ. ಕಾರ್ಡುಗಳು ಅಷ್ಟೊಂದು ಮಾತಾಡುತ್ತಿವೆ, ಲೇಖನ ಅದನ್ನು ಕೇಳಿಸಿಕೊಂಡಿಲ್ಲ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡಿ ಅಂತಲೂ ಹೇಳುತ್ತಿಲ್ಲ, ಹಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಮೊದಲ ಎರಡು ಪುಟ ತೆಗೆದುಬಿಡಿ. 'ಆ ಕಾಲವೇ ಚಂದ', 'ಎಲ್ಲಿ ಹೋದವು ಆ ದಿನಗಳು', ನಡುವೆ ಇವತ್ತಿನ ಟ್ರಾಫಿಕ್ ಮೇಲೆ ಒಂದು ಪ್ಯಾರಾ. ಹಳೆಯ ಬೆಂಗಳೂರಿನ ಬಗ್ಗೆ ನಮಗೆ ಬರುವ ಲೇಖನಗಳು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ. ನಿಮ್ಮ ಕೈಯಲ್ಲಿ ಬೇರೆಯವರ ಹತ್ತಿರ ಇಲ್ಲದ ವಸ್ತು ಇದೆ. ಅದರಿಂದಲೇ ಶುರು ಮಾಡಬಹುದಲ್ವಾ?

ಇನ್ನು ತಪ್ಪುಗಳು. '1864ರಲ್ಲಿ ರೈಲು ಬಂತು, ಜನ ಮೈಸೂರಿಗೆ ರೈಲು ಹತ್ತಿದರು' ಎಂದು ಬರೆದಿದ್ದೀರಿ. 1864ರಲ್ಲಿ ಬಂದದ್ದು ಮದರಾಸಿನ ಕಡೆಯ ರೈಲು, ಜೋಲಾರಪೇಟೆಯಿಂದ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಸ್ಟೇಷನ್ನಿಗೆ. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ನಡುವಿನ ಹದಿನೆಂಟು ವರ್ಷ ಮೈಸೂರಿಗೆ ಹೋಗುವವರಿಗೆ ಗಾಡಿಯೇ ಗತಿ. ಹಳಿಗಳೂ ಬೇರೆ ಬೇರೆ. ಮದರಾಸಿನದು ಬ್ರಾಡ್ ಗೇಜ್, 5 ಅಡಿ 6 ಅಂಗುಲ ಅಗಲ. ಮೈಸೂರಿನದು ಮೀಟರ್ ಗೇಜ್, ಒಂದೇ ಮೀಟರ್ ಅಗಲ. ನಿಮ್ಮ ಏಳನೆಯ ಕಾರ್ಡಿನಲ್ಲಿ ಹಳಿ ಪಕ್ಕ ಒಬ್ಬ ನಿಂತಿದ್ದಾನೆ, ನೋಡಿ. ಅವನನ್ನು ಎರಡು ಹಳಿಗಳ ನಡುವೆ ಅಡ್ಡ ಮಲಗಿಸಿದರೆ ಅರ್ಧ ತೊಡೆಯಿಂದ ಕೆಳಗೆಲ್ಲ ಆಚೆ ಚಾಚುತ್ತದೆ. ಅಂದರೆ ಅದು ಮೀಟರ್ ಗೇಜ್. ನೀವು ಅದಕ್ಕೆ 'ಮದರಾಸಿಗೆ ಹೊರಟ ರೈಲು' ಅಂತ ಅಡಿಬರಹ ಕೊಟ್ಟಿದ್ದೀರಿ. ಅದೇ ಕಾರ್ಡಿನಲ್ಲಿ ಹಿಂದಿನ ವ್ಯಾಗನ್ ಮೇಲೆ ಎಂ.ಎಸ್.ಎಂ. ಎಂಬ ಅಕ್ಷರ ಕಾಣುತ್ತದೆ. ಮದರಾಸ್ ಅಂಡ್ ಸದರ್ನ್ ಮರಾಠಾ ಕಂಪನಿ ಹುಟ್ಟಿದ್ದೇ 1908ರಲ್ಲಿ. ಭೂತಗನ್ನಡಿ ಹಿಡಿದಿದ್ದರೆ ಕಾಲ ತಾನಾಗಿ ಸಿಗುತ್ತಿತ್ತು. ನೀವು 'ಸುಮಾರು 1880' ಎಂದು ಊಹಿಸಿದ್ದೀರಿ.

ಕಬ್ಬನ್ ಪಾರ್ಕಿನ ಕಾರ್ಡಿಗೂ ಇದೇ ಗತಿ. ವಿಕ್ಟೋರಿಯಾ ರಾಣಿಯ ಪ್ರತಿಮೆ ಎದುರಿಗೇ ನಿಂತಿದೆ, ನೀವು 1890 ಅಂತೀರಿ. ಆ ಪ್ರತಿಮೆ ಅನಾವರಣ ಆದದ್ದು 1906ರಲ್ಲಿ. ವಿದ್ಯುತ್ ಕಂಬ ಇರುವ ಬೀದಿಯ ಕಾರ್ಡಿಗೂ ಅದೇ 1890 ಹಾಕಿದ್ದೀರಿ. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು 1905ರಲ್ಲಿ.

ಬಣ್ಣದ ಬಗ್ಗೆ ಬರೆದ ಪ್ಯಾರಾ ಓದಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. 'ಅಂದಿನ ಆಕಾಶ ಎಷ್ಟು ನೀಲಿ, ಸ್ಟೇಷನ್ನಿನ ಗೋಡೆ ಎಷ್ಟು ಕೆಂಪು' ಎಂದಿದ್ದೀರಿ. ಇವು ಬಣ್ಣದ ಫೋಟೋಗಳಲ್ಲ. ಕಪ್ಪು ಬಿಳುಪು ಫೋಟೋ ಹಡಗಿನಲ್ಲಿ ಹೋಗುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಥ ಕಾರ್ಡು ಬಹಳಷ್ಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಬೆಂಗಳೂರನ್ನು ಕಣ್ಣಲ್ಲೂ ಕಾಣದ ಯಾರೋ ಕೆಲಸಗಾರ ಆಕಾಶಕ್ಕೆ ನೀಲಿ, ಮಣ್ಣಿಗೆ ಕೆಂಪು ತುಂಬುತ್ತಿದ್ದ. ಆ ನೀಲಿ ಅವನದು. ನೀವು ಇದನ್ನು ಬರೆದಿದ್ದರೆ ನಾನು ಖುಷಿಯಾಗಿ ಹಾಕುತ್ತಿದ್ದೆ.

ಅಗಸನ ಕಾರ್ಡಿನ ಬಗ್ಗೆ ಸ್ವಲ್ಪ ಬೇಜಾರಾಯಿತು. 'ಸರಳ ಜನ, ತೃಪ್ತ ಮುಖ' ಎಂದಿದ್ದೀರಿ. ಮುಖ ಇನ್ನೊಮ್ಮೆ ನೋಡಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅಲುಗಾಡಬೇಡ ಅನ್ನಿಸಿಕೊಂಡು ನಿಂತವನ ಮುಖ ಅದು. ಕೆಳಗೆ ಇಂಗ್ಲಿಷಿನಲ್ಲಿ 'ಅಗಸ' ಅಂತಷ್ಟೇ ಇದೆ, ಹೆಸರಿಲ್ಲ. ಈ ಕಾರ್ಡುಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದವರು ದಂಡಿನ ಸಿಪಾಯಿಗಳು, ಅಧಿಕಾರಿಗಳು, ಅವರ ಮನೆಯವರು. ಅದಕ್ಕೇ ಪರೇಡು ಮೈದಾನ, ಚರ್ಚು, ಬಂಗಲೆ ಇಷ್ಟು ಜಾಸ್ತಿ. ಪೇಟೆಯ ಓಣಿಗಳು ನಿಮ್ಮ ಹನ್ನೆರಡರಲ್ಲಿ ಒಂದರಲ್ಲೂ ಇಲ್ಲ. ಹೀಗಿರುವಾಗ ಲೇಖನಕ್ಕೆ 'ಹಳೆಯ ಬೆಂಗಳೂರು' ಅಂತ ಹೆಸರಿಟ್ಟರೆ ದೊಡ್ಡಪೇಟೆ, ಚಿಕ್ಕಪೇಟೆಯವರು ಒಪ್ಪುತ್ತಾರಾ?

ಕಾರ್ಡಿನಲ್ಲಿ ಇಲ್ಲದ್ದನ್ನೂ ನೀವು ಬರೆಯಬೇಕಾಗುತ್ತದೆ. ಆ ಮೈಸೂರು ದಾರಿಯ ಕೆಲಸ ಶುರುವಾದದ್ದು 1876–78ರ ಬರಗಾಲದಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. ಏಳನೆಯ ಕಾರ್ಡಿನ ರೈಲು ನಿಂತಿರುವುದು ಆ ದಾರಿಯಲ್ಲೇ ಎಂದಾದರೆ, ಅದರ ಕೆಳಗಿನ ಮಣ್ಣಿನ ಏರಿ ಯಾರು ಹಾಕಿದ್ದು ಅನ್ನುವುದಕ್ಕೆ ಎರಡೇ ಸಾಲು ಸಾಕು. ಜಾಸ್ತಿ ಬೇಡ, ಭಾಷಣ ಆಗುತ್ತದೆ.

ಈಗ ನನಗೆ ನಿಜಕ್ಕೂ ಸಿಟ್ಟು ಬಂದ ವಿಷಯ. ನಿಮ್ಮ ಪತ್ರದಲ್ಲಿ 'ಮೂರನೆಯ ಕಾರ್ಡಿನ ಚಿತ್ರದ ಮೇಲೆ ಯಾರೋ ಗೀಚಿದ್ದರು, ಕಂಪ್ಯೂಟರಿನಲ್ಲಿ ಅಳಿಸಿದ್ದೇನೆ. ಹಿಂಬದಿ ಮುಖ್ಯವಲ್ಲ ಎಂದು ಕಳಿಸಿಲ್ಲ' ಎಂದಿದೆ. ಸ್ವಾಮೀ, ಆ ಗೀಚಿದ್ದೇ ಕಾರ್ಡಿನ ಜೀವ! ಮೊದಮೊದಲು ಚಿತ್ರ ಕಾರ್ಡಿನ ಹಿಂಬದಿ ಬರೀ ವಿಳಾಸಕ್ಕೆ ಮೀಸಲು. ಬ್ರಿಟನ್ನಿನಲ್ಲಿ ಹಿಂಬದಿಯನ್ನು ಗೆರೆ ಎಳೆದು ಎರಡು ಪಾಲು ಮಾಡಿ, ಅರ್ಧದಲ್ಲಿ ಪತ್ರ ಬರೆಯಲು ಬಿಟ್ಟದ್ದು 1902ರಲ್ಲಿ. ಅದಕ್ಕೆ ಮುಂಚಿನವರು ಹೇಳಬೇಕಾದ್ದನ್ನೆಲ್ಲ ಚಿತ್ರದ ಅಂಚಿನಲ್ಲೋ, ಆಕಾಶದ ಮೇಲೋ ತುರುಕುತ್ತಿದ್ದರು. ಹಿಂದೆ ಗೆರೆ ಇದೆಯಾ ಇಲ್ಲವಾ ಅನ್ನುವುದೇ ಒಂದು ಸುಳಿವು. ಅಂಚೆಚೀಟಿ ಇನ್ನೊಂದು. ಎಡ್ವರ್ಡ್ ದೊರೆಯ ತಲೆ ಇದ್ದರೆ 1902ರ ನಂತರದ್ದು, ಜಾರ್ಜ್ ದೊರೆಯದಾದರೆ 1911ರ ನಂತರದ್ದು. ಅಂಚೆ ಮುದ್ರೆಯ ತಾರೀಖು ಸಿಕ್ಕರೂ ಒಂದು ಎಚ್ಚರ ಬೇಕು. ಅದು ಕಾರ್ಡು ಹೊರಟ ದಿನ. ಫೋಟೋ ಅದಕ್ಕಿಂತ ಎಷ್ಟೋ ವರ್ಷ ಹಿಂದಿನದು ಇರಬಹುದು, ಒಂದೇ ಫೋಟೋ ಬಳಸಿ ವರ್ಷಗಟ್ಟಲೆ ಮಾರುತ್ತಿದ್ದರು.

ನಿಮ್ಮ ಲೇಖನದಲ್ಲಿ ನಾನು ಗೆರೆ ಹಾಕಿಟ್ಟ ಜಾಗ ಒಂದಿದೆ, ಐದನೆಯ ಪುಟದ ಕೊನೆ. ಸ್ಟೇಷನ್ನಿನ ಕಾರ್ಡನ್ನು ನಿಮ್ಮ ಅಜ್ಜಿಗೆ ತೋರಿಸಿದಿರಿ. ಅವರು ಎಂಜಿನ್ ನೋಡಲಿಲ್ಲ, ದೊರೆಗಳನ್ನು ನೋಡಲಿಲ್ಲ, 'ನೀರಿನ ತೊಟ್ಟಿ ಯಾವ ಕಡೆ ಇತ್ತು?' ಅಂತ ಹುಡುಕಿದರು. ಚೊಂಬು ಹಿಡಿದು ಇಳಿದರೆ ರೈಲು ಬಿಟ್ಟುಬಿಡುತ್ತದೇನೋ ಅನ್ನುವ ಅವರ ಹಳೆಯ ಹೆದರಿಕೆ ನಾಲ್ಕು ಸಾಲಿನಲ್ಲಿ ಬಂದಿದೆ. ಅಲ್ಲಿ ನೀವು ಒಂದು ವಿಶೇಷಣವನ್ನೂ ಬಳಸಿಲ್ಲ, ಗಮನಿಸಿದ್ದೀರಾ? ಇಡೀ ಲೇಖನ ಆ ನಾಲ್ಕು ಸಾಲಿನ ಹಾಗಿದ್ದರೆ ನಾವು ಇಷ್ಟು ಮಾತಾಡಬೇಕಿರಲಿಲ್ಲ.

ಹನ್ನೆರಡು ಕಾರ್ಡು ಬೇಡ, ಎರಡು ಸಾಕು. ಅಜ್ಜಿ ನೋಡಿದ ಸ್ಟೇಷನ್ನಿನದು, ಅಳಿಸುವ ಮುಂಚಿನ ಆ ಮೂರನೆಯದು. ಎರಡೂ ಬದಿ ಸ್ಕ್ಯಾನ್ ಮಾಡಿ ಕಳಿಸಿ, ಅಂಚು ಕತ್ತರಿಸಬೇಡಿ. ಗೀಚಿದ್ದನ್ನು ಓದಲು ಆಗದಿದ್ದರೆ ಹಾಗೇ ಕಳಿಸಿ, ಕೂತು ಓದೋಣ. ಲೇಖನ ಈಗಿನ ಅರ್ಧದಷ್ಟು ಇರಲಿ.

ಹಾಂ, ಒಂಬತ್ತನೆಯ ಕಾರ್ಡು ಫೋಟೋದಲ್ಲಿ ತುಂಬಾ ಹೊಳೆಯುತ್ತಿದೆ. ಲ್ಯಾಮಿನೇಷನ್ ಮಾಡಿಸಿದ್ದೀರಿ ಅನ್ನಿಸುತ್ತದೆ. ದಯವಿಟ್ಟು ಉಳಿದ ಹನ್ನೊಂದನ್ನು ಅಂಗಡಿಗೆ ಕೊಡಬೇಡಿ.